ದುರ್ಗಮ ಹಾದಿಯ ವಾಹನಗಳಿಗೆ ಹಿಂಬದಿಯ ಎಳೆಗೊಂಡಿ

ಮಳೆಗಾಲದ ಸಹ್ಯಾದ್ರಿಯ ಕೆಮ್ಮಣ್ಣಿನ ಹಾದಿಯಲ್ಲಾಗಲಿ, ಕಚ್ಛದ ರಣದ ಕೆಸರಿನಲ್ಲಾಗಲಿ, ಲಡಾಖಿನ ತೊರೆಗಳಲ್ಲಾಗಲಿ, ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವಾಹನವೂ ಹೂತುಹೋಗುವುದುಂಟು. ಹೂತ ವಾಹನವನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆಳೆಯುವುದು ಸಾಮಾನ್ಯವಾಗಿ ಸುಲಭ. ಹಿಂದಿನ ನೆಲವನ್ನು ಆ ವಾಹನವೇ ದಾಟಿ ಬಂದಿರುತ್ತದೆ. ಮುಂದಿನ ನೆಲ ಹೇಗಿದೆಯೋ ತಿಳಿಯದು. ಹೀಗೆ ಎಳೆಯುವಾಗ ಹಗ್ಗವನ್ನು ಸಿಕ್ಕಿಸಲು ವಾಹನದ ಹಿಂಬದಿಯಲ್ಲಿ ಅಳವಡಿಸುವ ಭದ್ರವಾದ ಕೊಂಡಿಯನ್ನು ಚಾಲಕರು ‘ರಿಕವರಿ ಪಾಯಿಂಟ್’ ಎನ್ನುತ್ತಾರೆ. ಇಲ್ಲಿ ಅದನ್ನು ಎಳೆಗೊಂಡಿ ಎಂದು ಕರೆಯಲಾಗಿದೆ.

ವಾಹನದ ಹಿಂದೆ ಕಾಣುವ ಪ್ರತಿಯೊಂದು ಬಳೆಯೂ ಎಳೆಗೊಂಡಿಯಲ್ಲ. ಲಾರಿ ಅಥವಾ ಹಡಗಿನಲ್ಲಿ ಸಾಗಿಸುವಾಗ ವಾಹನವನ್ನು ಬಿಗಿದು ಕಟ್ಟಲು ಮಾತ್ರ ಕೆಲವು ಬಳೆಗಳಿರುತ್ತವೆ. ತಿರುಪಿ ಕೂರಿಸುವ ಕೊಕ್ಕೆಯು ಕೆಟ್ಟುನಿಂತ ವಾಹನವನ್ನು ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಎಳೆದೊಯ್ಯಲು ಒದಗಿಸಿದ್ದು. ಎಲ್ಲಕ್ಕಿಂತ ಅಪಾಯಕಾರಿಯಾದುದು ಟ್ರೇಲರ್ ಜೋಡಿಸುವ ಉಕ್ಕಿನ ಗುಂಡು. ಅದರ ಕತ್ತು ಕಿರಿದಾಗಿದ್ದು, ಜಗ್ಗಿದಾಗ ಮುರಿದರೆ ಹಗ್ಗದ ಸೆಳೆತಕ್ಕೆ ಫಿರಂಗಿ ಗುಂಡಿನಂತೆ ಚಿಮ್ಮುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಚಿಮ್ಮಿದ ಗುಂಡುಗಳಿಂದ ಜನರು ಪ್ರಾಣ ಕಳೆದುಕೊಂಡಿದ್ದಾರೆ.

ಇದರ ಹಿಂದಿರುವ ಬಲವನ್ನು ಒಂದು ಲೆಕ್ಕದಿಂದ ಅರಿಯಬಹುದು. 2,000 ಕಿಲೋಗ್ರಾಂ ತೂಕದ ವಾಹನವೊಂದು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೊರಟು ಹಗ್ಗವನ್ನು ಜಗ್ಗುತ್ತದೆ ಎನ್ನೋಣ. ಹಿಗ್ಗದ ಉಕ್ಕಿನ ಹಗ್ಗವಾಗಿದ್ದು ವಾಹನ 10 ಸೆಂಟಿಮೀಟರಿನೊಳಗೆ ನಿಂತರೆ, ಕೊಂಡಿಯ ಮೇಲೆ ಬೀಳುವ ಸರಾಸರಿ ಸೆಳೆತ ಸುಮಾರು 8 ಟನ್ ಭಾರಕ್ಕೆ ಸಮ. ಹಿಗ್ಗುವ ನೈಲಾನ್ ಹಗ್ಗವು ಅದನ್ನು 1 ಮೀಟರ್ ದೂರದಲ್ಲಿ ಮೆಲ್ಲನೆ ತಡೆದರೆ ಅದೇ ಸೆಳೆತ 1 ಟನ್ನಿಗಿಂತ ಕಡಿಮೆ. ಇದು ಸರಾಸರಿ ಮಾತ್ರ. ಗರಿಷ್ಠ ಸೆಳೆತ ಇದಕ್ಕಿಂತ ಹೆಚ್ಚೇ ಇರುತ್ತದೆ. ಕೊಂಡಿ ಎಷ್ಟೇ ದಪ್ಪವಾಗಿದ್ದರೂ ಸರಪಳಿಯನ್ನು ಕಟ್ಟಿ ಜಗ್ಗಬಾರದೆಂಬುದಕ್ಕೆ ಇದೇ ಕಾರಣ.

ಎಳೆಗೊಂಡಿಯ ಸತ್ವವಿರುವುದು ಕೊಂಡಿಯಲ್ಲಲ್ಲ, ಅದು ಸೆಳೆತವನ್ನು ಚಾಸಿಗೆ ದಾಟಿಸುವ ರೀತಿಯಲ್ಲಿ. ಮಹೀಂದ್ರ ಥಾರ್, ಬೊಲೆರೊ, ಹಳೆಯ ಮಾರುತಿ ಜಿಪ್ಸಿ ಮೊದಲಾದವುಗಳಿಗೆ ಏಣಿಯಾಕಾರದ ಪ್ರತ್ಯೇಕ ಚಾಸಿಯಿದೆ. ಇವುಗಳಲ್ಲಿ ಎರಡೂ ಉದ್ದತೊಲೆಗಳಿಗೆ ಭಾರ ಹಂಚುವಂತೆ ಕೊಂಡಿಯನ್ನು ಕೂರಿಸತಕ್ಕದ್ದು. ಬಂಪರಿಗೆ ಬಿಗಿದ ಕೊಂಡಿ ಬಂಪರಿನೊಡನೆಯೇ ಕಿತ್ತು ಬರುತ್ತದೆ. ತಯಾರಕರು ಕೊರೆದಿರುವ ರಂಧ್ರಗಳಿದ್ದರೆ ಅವನ್ನೇ ಬಳಸುವುದು ಉತ್ತಮ. ಬೀದಿಬದಿಯ ಗ್ಯಾರೇಜಿನಲ್ಲಿ ಚಾಸಿಗೆ ನೇರವಾಗಿ ವೆಲ್ಡಿಂಗ್ ಮಾಡಿಸುವ ರೂಢಿ ನಮ್ಮಲ್ಲಿ ಹೆಚ್ಚು, ಖರ್ಚೂ ಅಲ್ಪ. ಆದರೆ ಕಾವಿನಿಂದ ಬೆಸುಗೆಯ ಸುತ್ತಲಿನ ಉಕ್ಕು ದುರ್ಬಲಗೊಳ್ಳಬಹುದು, ಹೊರಗಿನಿಂದ ಅದು ಕಾಣುವುದೂ ಇಲ್ಲ. ಪೆಟ್ಟಿಗೆಯಾಕಾರದ ತೊಲೆಯಲ್ಲಿ ಬೋಲ್ಟನ್ನು ಆರಪಾರ ಹಾಯಿಸುವುದಾದರೆ ಒಳಗೆ ಉಕ್ಕಿನ ಕೊಳವೆಯ ತುಂಡನ್ನು ಇಡಬೇಕು. ಇಲ್ಲವಾದರೆ ಬಿಗಿಯುತ್ತಿದ್ದಂತೆ ತೊಲೆಯ ಗೋಡೆಗಳೇ ಒಳಕ್ಕೆ ಕುಗ್ಗುತ್ತವೆ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಇರಬೇಕು. 8.8 ಎಂದರೆ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಸೆಳೆತದವರೆಗೆ ಅದು ತುಂಡಾಗದು ಎಂದರ್ಥ. ಅಂಕಿಯಿಲ್ಲದ ಬೋಲ್ಟು ಎಷ್ಟು ಹೊಳೆದರೂ ಈ ಕೆಲಸಕ್ಕೆ ಸಲ್ಲದು. ಕೊಂಡಿಯು ಹೆಚ್ಚು ಕೆಳಗೆ ಇಳಿಬಿದ್ದರೆ ದಿಣ್ಣೆ ಇಳಿಯುವಾಗ ನೇಗಿಲಿನಂತೆ ನೆಲ ಕೀಳುತ್ತದೆ ಎಂಬುದೂ ಗಮನದಲ್ಲಿರಲಿ.

ಟ್ರೇಲರಿಗಾಗಿ ಚಾಸಿಗೆ ಬಿಗಿದ ಚೌಕಕೊಳವೆ ಈಗಾಗಲೇ ಇದ್ದಲ್ಲಿ, ಗುಂಡನ್ನು ತೆಗೆದು ಅದರೊಳಗೆ ಶ್ಯಾಕಲ್ ಹಿಡಿಯುವ ಉಕ್ಕಿನ ದಿಮ್ಮಿಯನ್ನು ಕೂರಿಸಬಹುದು. ಕೊಳವೆಯ ಅಡ್ಡ ಪಿನ್ನಿಗೇ ಹಗ್ಗ ತೊಡಿಸಿದರೆ ಪಿನ್ನು ಬಾಗಿ ಸಿಕ್ಕಿಬೀಳುತ್ತದೆ. ಶ್ಯಾಕಲಿನ ಮೇಲೆ ಸುರಕ್ಷಿತ ಭಾರ ಅಚ್ಚಾಗಿರಬೇಕು, 3.25 ಅಥವಾ 4.75 ಟನ್ನಿನವು ಹೆಚ್ಚಾಗಿ ಬಳಕೆಯಲ್ಲಿವೆ.

ಕಾನೂನಿನ ವಿಷಯವೂ ಇಲ್ಲಿ ಪ್ರಸ್ತುತ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಪ್ರಕರಣವು ನಿರ್ಬಂಧಿಸುತ್ತದೆ. ಆದುದರಿಂದ ತಯಾರಕರದೇ ಕೊಂಡಿ ದೊರೆಯುವುದಾದರೆ ಅದನ್ನೇ ಆರಿಸುವುದು ಲೇಸು. ಇಲ್ಲದಿದ್ದರೆ ಅಳವಡಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಎಳೆಯುವ ಮುನ್ನ ಚಕ್ರಗಳ ಸುತ್ತಲಿನ ಕೆಸರನ್ನು ಸಲಿಕೆಯಿಂದ ತೋಡಿ ತೆಗೆಯಿರಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಎರಡು ಕೊಂಡಿಗಳಿಗೆ ಒಂದೇ ಪಟ್ಟಿಯನ್ನು ತೊಡಿಸುವಾಗ ಅದರ ಎರಡು ಕವಲುಗಳ ನಡುವಿನ ಕೋನ ಕಿರಿದಾಗಿರಲಿ. ಅದು 120 ಅಂಶಕ್ಕೆ ಹಿಗ್ಗಿದರೆ ಎರಡೂ ಕೊಂಡಿಗಳ ಮೇಲೆ ಪೂರ್ಣ ಭಾರವೇ ಬೀಳುತ್ತದೆ, ಹಂಚಿಕೆಯ ಪ್ರಯೋಜನವೇ ಉಳಿಯದು. ಹಗ್ಗದ ಮೇಲೆ ಒದ್ದೆ ಕಂಬಳಿಯನ್ನು ಹೊದಿಸಿ, ನೋಡಲು ನೆರೆದವರನ್ನು, ವಿಶೇಷವಾಗಿ ಮಕ್ಕಳನ್ನು, ಹಗ್ಗದ ಒಂದೂವರೆಪಟ್ಟು ದೂರಕ್ಕೆ ಕಳುಹಿಸಬೇಕು.

ವಾಹನ ಮೇಲೆ ಬಂದ ನಂತರ ಬೋಲ್ಟುಗಳು ಸಡಿಲವಾಗಿವೆಯೇ, ಕೊಂಡಿಯ ಬುಡದಲ್ಲಿ ಬಣ್ಣ ಬಿರಿದಿದೆಯೇ ಎಂದು ಪರೀಕ್ಷಿಸಿ. ಮೊದಲು ಬೆರಳಿನಿಂದಲೇ ತಿರುಗುತ್ತಿದ್ದ ಶ್ಯಾಕಲಿನ ಪಿನ್ನು ಈಗ ತೊಳೆದ ಮೇಲೂ ತಿರುಗದಿದ್ದರೆ ಅದು ಬಾಗಿದೆ. ಆ ಶ್ಯಾಕಲನ್ನು ಗುಜರಿಗೆ ಹಾಕತಕ್ಕದ್ದು.