ಹೊಗೆಯ ಜಾಡು ಹಿಡಿಯುವ ಉಪಗ್ರಹಗಳು



ಹೋದ ಮಾರ್ಚ್ ತಿಂಗಳಲ್ಲಿ ತುರಹಳ್ಳಿ ಗುಡ್ಡದ ಕಡೆಯಿಂದ ಹೊಗೆ ಬಂದದ್ದು ನಿಮಗೆ ನೆನಪಿರಬಹುದು. ಸಂಜೆ ನಾಲ್ಕು ಗಂಟೆಗೆ ಒಣಹುಲ್ಲಿಗೆ ಬೆಂಕಿ ಬಿದ್ದು, ಕತ್ತಲಾಗುವ ಹೊತ್ತಿಗೆ ಆರಿತು. ಅಷ್ಟಕ್ಕೇ ನಮ್ಮ ಅಜ್ಜಿ ರಾತ್ರಿಯೆಲ್ಲಾ ಕೆಮ್ಮಿದರು. "ಮೇಲೆ ಅಷ್ಟೊಂದು ಉಪಗ್ರಹ ಬಿಟ್ಟವ್ರಲ್ಲ, ಒಂದಕ್ಕೂ ಇದು ಕಾಣ್ಲಿಲ್ವೇನೆ?" ಅಂತ ನನ್ನನ್ನು ಕೇಳಿದರು. ನನಗೂ ಅದೇ ಅನುಮಾನ ಬಂತು. ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಉಪಗ್ರಹವು ಹಗಲಲ್ಲಿ ನಮ್ಮ ಹಾಗೆಯೇ ಬೆಳಕಿನಿಂದ ಫೋಟೋ ತೆಗೆಯುತ್ತದೆ. ಅದರಲ್ಲಿ ಮೋಡ ಅಚ್ಚ ಬಿಳಿ. ಹೊಗೆ ಬೂದು ಬಣ್ಣ. ಅದು ಒಂದೇ ಜಾಗದಿಂದ ಹೊರಟು ಗಾಳಿ ಬೀಸುವ ಕಡೆಗೆ ಬೀಸಣಿಗೆಯ ಹಾಗೆ ಹರಡಿರುತ್ತದೆ. ಬಾಲ ಹಿಡಿದು ಹಿಂದಕ್ಕೆ ಹೋದರೆ ಬೆಂಕಿ ಎಲ್ಲಿದೆ ಅಂತ ಸಿಗುತ್ತದೆ. ಧೂಳಾದರೆ ಹಳದಿ ಮಿಶ್ರಿತ ಕಂದು, ಅಗಲವಾದ ಬಯಲಿನಿಂದ ಏಳುತ್ತದೆ. 2022ರ ಜನವರಿ 23ರಂದು ಪಾಕಿಸ್ತಾನದ ಕಡೆಯ ಧೂಳು ಅರಬ್ಬೀ ಸಮುದ್ರ ದಾಟಿ ಮುಂಬೈಗೇ ಬಂದಿತ್ತು! ಅದು ಸಮುದ್ರದ ಮೇಲೆ ಬರುತ್ತಿದ್ದದ್ದು ಉಪಗ್ರಹ ಚಿತ್ರಗಳಲ್ಲಿ ಕಂಡಿತ್ತು.

ರಾತ್ರಿ ಫೋಟೋದಲ್ಲಿ ಹೊಗೆ ಕಾಣಲ್ಲ. ಆದರೆ ಬೆಂಕಿಯ ಶಾಖ ಗೊತ್ತಾಗುತ್ತದೆ. ಬಿಸಿ ವಸ್ತುವಿನಿಂದ ಅವಕೆಂಪು ಕಿರಣಗಳು ಹೊರಡುತ್ತವೆ. ಅವು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಒಲೆಯ ಮುಂದೆ ಕೂತರೆ ಮುಖಕ್ಕೆ ಗೊತ್ತಾಗುತ್ತವೆ. ಉಪಗ್ರಹಕ್ಕೆ 800 ಕಿಲೋಮೀಟರಿಗಿಂತ ಎತ್ತರದಲ್ಲೂ ಗೊತ್ತಾಗುತ್ತವೆ. ಅಂಥ ಜಾಗವನ್ನು ನಕ್ಷೆಯಲ್ಲಿ ಕೆಂಪು ಚುಕ್ಕಿ ಇಟ್ಟು ತೋರಿಸುತ್ತಾರೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯವರು ಇದನ್ನು ಅರಣ್ಯ ಇಲಾಖೆಯವರ ಮೊಬೈಲಿಗೆ ಕಳಿಸುತ್ತಾರೆ.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ದೊಡ್ಡ ಬೆಂಕಿ ಬಿದ್ದಾಗ ಜನ ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸಿದರು. 25ನೇ ತಾರೀಖು ವಾಯುಪಡೆಯ ಹೆಲಿಕಾಪ್ಟರುಗಳೂ ಬಂದು ನೀರು ಸುರಿದವು. ಆಮೇಲೆ ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದವರು ಉಪಗ್ರಹ ಚಿತ್ರ ನೋಡಿ ಸುಮಾರು 10,900 ಎಕರೆ ಸುಟ್ಟಿದೆ ಅಂತ ಲೆಕ್ಕ ಹಾಕಿದರು. ಅಷ್ಟು ಕಾಡನ್ನು ನಡೆದು ಅಳೆಯುವುದಾದರೆ ಎಷ್ಟು ದಿನ ಬೇಕೋ!

ಹಾಗಾದರೆ ನಮ್ಮ ಗುಡ್ಡ ಯಾಕೆ ಕಾಣಲಿಲ್ಲ? ಮೇಷ್ಟ್ರು ಮೊಬೈಲಿನಲ್ಲಿ ಆ ದಿನದ ನಕ್ಷೆ ತೆಗೆದು ತೋರಿಸಿದರು. ತುರಹಳ್ಳಿಯ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ. ನೋವಾ-20, ನೋವಾ-21 ಎಂಬ ಅಮೆರಿಕದ ಉಪಗ್ರಹಗಳು ನಮ್ಮ ಕಡೆ ಹಾದುಹೋಗುವುದು ಹಗಲು ಒಂದೂವರೆ, ರಾತ್ರಿ ಒಂದೂವರೆ ಗಂಟೆಯ ಆಸುಪಾಸಿನಲ್ಲಿ. ನಮ್ಮ ಬೆಂಕಿ ಹತ್ತಿದ್ದು ನಾಲ್ಕಕ್ಕೆ!

ನಮ್ಮ ದೇಶದ ಇನ್ಸಾಟ್-3ಡಿಎಸ್ 2024ರ ಫೆಬ್ರವರಿ 17ರಂದು ಹಾರಿತು. ಅದು ಸುಮಾರು 36,000 ಕಿಲೋಮೀಟರ್ ಮೇಲೆ ಭಾರತದ ಕಡೆಗೇ ಮುಖ ಮಾಡಿ ನಿಂತ ಹಾಗೆ ಇರುತ್ತದೆ. ಯಾವಾಗಲೂ ನೋಡುತ್ತಲೇ ಇರುತ್ತದೆ ನಿಜ, ಆದರೆ ತುಂಬಾ ದೂರ. ಅದರ ಶಾಖದ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನಾಲ್ಕು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲ. ಬನಶಂಕರಿ ದೇವಸ್ಥಾನ, ಜಯನಗರ ನಾಲ್ಕನೇ ಬ್ಲಾಕ್ ಎರಡೂ ಒಂದೇ ಚುಕ್ಕಿಯೊಳಗೆ ಹಿಡಿಸಿಬಿಡಬಹುದು. ಅದರಲ್ಲಿ ನಮ್ಮ ಹುಲ್ಲಿನ ಬೆಂಕಿ ಎಲ್ಲಿ ಕಾಣಬೇಕು?

ಇದನ್ನೆಲ್ಲಾ ಅಜ್ಜಿಗೆ ಹೇಳಿದೆ. "ಹಂಗಾದ್ರೆ ನಾನೇ ಮೊದ್ಲು ನೋಡಿದ್ದು ಬಿಡು" ಅಂದರು.

– 7ನೇ ತರಗತಿ ವಿದ್ಯಾರ್ಥಿನಿ