ಹವ್ಯಾಸಿಯ ಕ್ಯಾಮೆರಾ, ಹಕ್ಕಿಯ ಗೂಡು

(ಕೂಟದ ವಸಂತ ಸಭೆಯಲ್ಲಿ, ಸದಸ್ಯರ ವನ್ಯಜೀವಿ ಛಾಯಾಚಿತ್ರ ಪ್ರದರ್ಶನಕ್ಕೆ ಮುನ್ನ ನೀಡಿದ ಉಪನ್ಯಾಸದ ಬರಹರೂಪ)



ಇನ್ನು ಸ್ವಲ್ಪ ಹೊತ್ತಿನಲ್ಲಿ ನಮ್ಮ ಸದಸ್ಯರು ತಾವು ತೆಗೆದ ಪ್ರಾಣಿಪಕ್ಷಿಗಳ ಚಿತ್ರಗಳನ್ನು ತೆರೆಯ ಮೇಲೆ ತೋರಿಸಲಿದ್ದಾರೆ. ಅದಕ್ಕೆ ಮುನ್ನ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ವೃತ್ತಿಯಿಂದ ನಾನು ವೈದ್ಯ. ಛಾಯಾಗ್ರಹಣ ನನ್ನ ಭಾನುವಾರದ ಹುಚ್ಚು. ಆದ್ದರಿಂದ ಮಸೂರ, ಬೆಳಕುಗಳ ವಿಚಾರವನ್ನು ಬಲ್ಲವರಿಗೆ ಬಿಟ್ಟು, ಮೆಚ್ಚಿನ ಚಿತ್ರವನ್ನು ಹತ್ತು ಜನರ ಮುಂದಿಡುವಾಗ ಅದರೊಡನೆ ಏನನ್ನು ಹೇಳಬೇಕು, ಏನನ್ನು ಬಚ್ಚಿಡಬೇಕು ಎಂಬುದನ್ನಷ್ಟೇ ಪ್ರಸ್ತಾಪಿಸುತ್ತೇನೆ.

ನಮ್ಮ ಈ ಹವ್ಯಾಸದ ಮೂಲಪುರುಷರಲ್ಲೊಬ್ಬ ಇದೇ ಮಿಶಿಗನ್ ರಾಜ್ಯದ ಉತ್ತರದ ಕಾಡುಗಳಲ್ಲಿ ಓಡಾಡಿದವನು. ಹೆಸರು ಜಾರ್ಜ್ ಶೈರಸ್ (1859-1942). ಪೆನ್ಸಿಲ್ವೇನಿಯಾದ ವಕೀಲ, ಒಂದು ಅವಧಿಗೆ ಅಮೆರಿಕದ ಕಾಂಗ್ರೆಸ್ ಸದಸ್ಯ, ಚಿಕ್ಕಂದಿನಿಂದ ಬೇಟೆಗಾರ. ದೋಣಿಯ ಮೂತಿಯಲ್ಲಿ ಬೆಂಕಿಯಿಟ್ಟುಕೊಂಡು ರಾತ್ರಿ ಸರೋವರದ ದಂಡೆಗುಂಟ ಸದ್ದಿಲ್ಲದೆ ಸಾಗಿದರೆ, ನೀರಿಗೆ ಬಂದ ಜಿಂಕೆ ಆ ಬೆಳಕನ್ನೇ ದಿಟ್ಟಿಸುತ್ತ ನಿಂತುಬಿಡುತ್ತದೆ. ಇದು ಒಜಿಬ್ವೆ ಮೂಲನಿವಾಸಿಗಳ ಬೇಟೆಯ ಕ್ರಮ. ಶೈರಸ್ ಬಂದೂಕನ್ನು ಕೆಳಗಿಟ್ಟು ಅದರ ಜಾಗದಲ್ಲಿ ಕ್ಯಾಮೆರಾ ಹಿಡಿದ. ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ ಆ ಕ್ಷಣದ ಬೆಳಕಿನಲ್ಲಿ ಚಿತ್ರ ತೆಗೆದ. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಒಟ್ಟಿಗೆ ಅಚ್ಚುಹಾಕಿತು. ಕೊನೆಗೆ, 1928ರಲ್ಲಿ, ತನ್ನ ಸುಮಾರು 2,400 ಗಾಜಿನ ನೆಗೆಟಿವ್‌ಗಳನ್ನು ಅವನು ಆ ಸಂಸ್ಥೆಗೇ ಕೊಟ್ಟುಬಿಟ್ಟ. ವಲಸೆ ಹಕ್ಕಿಗಳ ರಕ್ಷಣೆಗೆಂದು 1904ರಲ್ಲಿ ಕಾಂಗ್ರೆಸ್ಸಿನಲ್ಲಿ ಮೊದಲ ಮಸೂದೆ ಮಂಡಿಸಿದವನೂ ಇವನೇ. ಆಗ ಅದು ಕಾನೂನಾಗಲಿಲ್ಲ. ಅದು ತೆರೆದ ದಾರಿಯಲ್ಲಿ ಮುಂದೆ 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯಿದೆ ಬಂದಿತು.

ನಮ್ಮ ನಾಡಿನಲ್ಲೂ ಶಾಸನಸಭೆಯಿಂದ ಕಾಡಿಗೆ ನಡೆದವರುಂಟು. ಸಂಡೂರಿನ ಎಂ. ವೈ. ಘೋರ್ಪಡೆಯವರು 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರ ಕಪ್ಪುಬಿಳುಪಿನ ವನ್ಯಜೀವಿ ಚಿತ್ರಗಳನ್ನು ಕಂಡವರು ಮರೆಯಲಾರರು. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿ, ಇವರ ಹೆಸರುಗಳು ತಮಗೆಲ್ಲ ಪರಿಚಿತ.

ಆ ಕಾಲದ ಹಕ್ಕಿಯ ಚಿತ್ರಗಳಲ್ಲಿ ಗೂಡು ಅಷ್ಟೊಂದು ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ. ಬಣ್ಣದ ಫಿಲ್ಮಿನ ವೇಗ 25 ಅಥವಾ 64. ಅಷ್ಟು ಮಂದವಾದ ಫಿಲ್ಮಿಗೆ ಬಹಳ ಬೆಳಕು ಬೇಕು, ಹಕ್ಕಿ ಹತ್ತಿರವಿರಬೇಕು, ಅದು ಎಲ್ಲಿಗೆ ಬಂದು ಕೂರುವುದೆಂದು ಮೊದಲೇ ತಿಳಿದಿರಬೇಕು. ಈ ಮೂರೂ ಕೂಡಿಬರುವ ಜಾಗ ಗೂಡೊಂದೇ. ಬಲ್ಲವರು ಮರೆಗೂಡಾರವನ್ನು ದಿನಕ್ಕಿಷ್ಟಿಷ್ಟೇ ಮುಂದೆ ಸರಿಸಿ ಹಕ್ಕಿಗೆ ರೂಢಿಮಾಡಿಸುತ್ತಿದ್ದರು. ಅರೆಬರೆ ಕಲಿತ ನನ್ನಂಥವರು ಮಾಡಿದ್ದೇ ಬೇರೆ.

2001ರ ಮೇ ತಿಂಗಳು. ನಮ್ಮ ಹಿತ್ತಿಲಿನ ಲೈಲಾಕ್ ಪೊದೆಯಲ್ಲಿ ಕಾರ್ಡಿನಲ್ ಹಕ್ಕಿ ಗೂಡು ಕಟ್ಟಿ ಮೂರು ಮೊಟ್ಟೆಯಿಟ್ಟಿತ್ತು. ಅದು ಕಾವು ಕೂರುವುದು ಹನ್ನೆರಡು ದಿನದ ಆಸುಪಾಸು. ಚಿತ್ರಕ್ಕೆ ಎರಡು ಕೊಂಬೆ ಅಡ್ಡವಾಗಿದ್ದವು. ಅವನ್ನು ಮುರಿಯಬಾರದೆಂಬಷ್ಟು ವಿವೇಕ ನನಗಿತ್ತು. ಹೊಲಿಗೆ ಹಾಕುವ ರೇಷ್ಮೆ ದಾರದಿಂದ ನಾಜೂಕಾಗಿ ಹಿಂದಕ್ಕೆ ಕಟ್ಟಿದೆ. ಸಂಜೆಯ ಬಿಸಿಲು ಗೂಡಿನೊಳಕ್ಕೆ ಬಿತ್ತು. ಅಂಥ ಚಿತ್ರವನ್ನು ನಾನು ಹಿಂದೆಯೂ ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಗಂಟು ಬಿಚ್ಚುವುದನ್ನು ಮರೆತು ಹೊರಟೆ. ಎರಡನೆಯ ದಿನ ಬೆಳಗ್ಗೆ ಗೂಡು ಬರಿದಾಗಿತ್ತು. ಕಾಗೆಯೋ, ನೀಲಿ ಜೇ ಹಕ್ಕಿಯೋ, ರಕೂನೋ, ಯಾರು ಬಂದರೋ ಕಾಣೆ. ಬಾಗಿಲು ತೆರೆದಿಟ್ಟವನು ನಾನು.

ಆ ವರ್ಷದ ದೀಪಾವಳಿ ಕೂಟದಲ್ಲಿ ಆ ಸ್ಲೈಡನ್ನು ತೋರಿಸಿದೆ. ದೀರ್ಘ ಚಪ್ಪಾಳೆ ಬಿತ್ತು. ಮನೆಗೆ ಮರಳುವಾಗ ಹಿಂದಿನ ಸೀಟಿನಿಂದ ಐದು ವರ್ಷದ ಮಗಳು ಕೇಳಿದಳು: "ಅಪ್ಪಾ, ಮೊಟ್ಟೆ ಹೋಯ್ತು ಅಂತ ಯಾಕೆ ಹೇಳಲಿಲ್ಲ?" ನಾನು ರೇಡಿಯೋದ ಧ್ವನಿ ಜೋರುಮಾಡಿದೆ.

ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯೆಯನ್ನು ಓದಿದಾಗ ನನಗೆ ಬೆವರಿಳಿದಿತ್ತು. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು ಮಾತ್ರವಲ್ಲದೆ, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಲಿಸುವುದು ಕೂಡ ಆ ವ್ಯಾಖ್ಯೆಯೊಳಗೆ ಬರುತ್ತದೆ. ಶೈರಸ್ ಬಂದೂಕು ಕೆಳಗಿಟ್ಟು ಕ್ಯಾಮೆರಾ ಹಿಡಿದ; ನಾನು ಕ್ಯಾಮೆರಾ ಹಿಡಿದೇ ಬೇಟೆಯಾಡಿದ್ದೆ. ಭಾರತದ ಹಲವು ಛಾಯಾಚಿತ್ರ ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಪ್ರಕೃತಿ ವಿಭಾಗದ ಸ್ಪರ್ಧೆಗಳಲ್ಲಿ ಕಂಪ್ಯೂಟರಿನಿಂದ ಒಂದು ಕಡ್ಡಿಯನ್ನು ಅಳಿಸಿದರೂ ಚಿತ್ರ ತಿರಸ್ಕೃತವಾಗುತ್ತದೆ. ಪೊದೆಯಲ್ಲೇ ಕೊಂಬೆಯನ್ನು ಕಟ್ಟಿಹಾಕಿದ್ದರೆ ಯಾವ ತೀರ್ಪುಗಾರನಿಗೂ ಗೊತ್ತಾಗುವುದಿಲ್ಲ. ಅದನ್ನು ಹೇಳಬೇಕಾದವನು ಚಿತ್ರ ತೆಗೆದವನೇ.

ವೈದ್ಯರ ಸಭೆಗಳಲ್ಲಿ ನಾವು ಎಕ್ಸ್-ರೇ ಒಂದನ್ನೇ ತೋರಿಸಿ ಕೂರುವುದಿಲ್ಲ. ರೋಗಿಯ ವಯಸ್ಸು, ಪೂರ್ವಚರಿತ್ರೆ, ಕೊಟ್ಟ ಚಿಕಿತ್ಸೆ, ಅದರ ಫಲ, ರೋಗಿ ತೀರಿಕೊಂಡಿದ್ದರೆ ಅದನ್ನೂ ಹೇಳುತ್ತೇವೆ. ಹೆಸರು, ವಿಳಾಸಗಳನ್ನು ಮಾತ್ರ ಹೇಳುವುದಿಲ್ಲ. ಹಕ್ಕಿಯ ಚಿತ್ರಕ್ಕೂ ಇದೇ ಕ್ರಮ ಸಲ್ಲುತ್ತದೆಂದು ನನ್ನ ಅಭಿಪ್ರಾಯ. ತೆಗೆದ ದಿನ, ಎಷ್ಟು ದೂರದಿಂದ, ಆಹಾರವಿಟ್ಟು ಕರೆದದ್ದೋ ತಾನಾಗಿ ಬಂದದ್ದೋ, ಸಾಕಿದ ಪ್ರಾಣಿಯೋ ಕಾಡಿನದೋ, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಚಳಿಗಾಲದಲ್ಲಿ ಇಲ್ಲಿಗೆ ಬರುವ ಹಿಮಗೂಬೆಯ ಮುಂದೆ ಅಂಗಡಿಯಿಂದ ಕೊಂಡ ಇಲಿಯನ್ನು ಬಿಟ್ಟು, ಅದು ಎರಗುವ ಚಿತ್ರ ತೆಗೆಯುವವರಿದ್ದಾರೆ. ನೋಡುಗರಿಗೆ ಅದು ಸಾಹಸದಂತೆ ಕಾಣುತ್ತದೆ. ಮನುಷ್ಯರನ್ನೂ ರಸ್ತೆಯನ್ನೂ ಆಹಾರದೊಡನೆ ಸೇರಿಸಿಕೊಂಡ ಗೂಬೆ ಕಾರಿಗೆ ಸಿಕ್ಕಿ ಸಾಯಬಹುದೆಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ವಿಳಾಸದ ಮಾತು ಇನ್ನೂ ಸೂಕ್ಷ್ಮ. ಗೂಬೆ ಕೂರುವ ಮರ, ಗಿಡುಗದ ಗೂಡು, ಅಪರೂಪದ ಆಮೆಯ ಕೊಳ, ಇವುಗಳ ಜಾಗ ತಿಳಿದರೆ ಮರುದಿನ ಇಪ್ಪತ್ತು ಕಾರುಗಳು ಬಂದು ನಿಲ್ಲುತ್ತವೆ. ಕೆಲವೊಮ್ಮೆ ಪ್ರಾಣಿಕಳ್ಳರೂ ಬರುತ್ತಾರೆ. ಹಕ್ಕಿವೀಕ್ಷಕರ ದಾಖಲೆಗಳನ್ನು ಸಂಗ್ರಹಿಸುವ ಇಬರ್ಡ್ ಸಂಸ್ಥೆ ಸೂಕ್ಷ್ಮ ಪ್ರಭೇದಗಳ ನೆಲೆಯನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ತಮ್ಮ ಕೈಯಲ್ಲಿರುವ ಮೊಬೈಲ್ ಫೋನು ಮಾತ್ರ, ತಾವು ಕೇಳದಿದ್ದರೂ, ಚಿತ್ರದೊಳಗೆ ಅಕ್ಷಾಂಶ ರೇಖಾಂಶಗಳನ್ನು ಅಡಗಿಸಿಟ್ಟಿರಬಹುದು. ಮಕ್ಕಳಿಗೆ ಆ ಗುಂಡಿ ಎಲ್ಲಿದೆಯೆಂದು ಗೊತ್ತಿರುತ್ತದೆ. ಅವರನ್ನು ಕೇಳಿ ಆರಿಸಿಡಿ.

ಎಷ್ಟು ಹತ್ತಿರ ಹೋಗಬಹುದೆಂದು ಅನೇಕರು ಕೇಳುತ್ತಾರೆ. ಅಡಿಗಳ ಲೆಕ್ಕಕ್ಕಿಂತ ಹಕ್ಕಿಯನ್ನೇ ನೋಡುವುದು ಒಳ್ಳೆಯದು. ಮೇಯುತ್ತಿದ್ದುದು ಮೇವು ನಿಲ್ಲಿಸಿ ತಲೆಯೆತ್ತಿತೆಂದರೆ ತಾವು ಆಗಲೇ ಹೆಚ್ಚು ಹತ್ತಿರವಾಗಿದ್ದೀರಿ. ಕಾರಿನಿಂದ ಇಳಿಯದೆ ಕಿಟಕಿಯಲ್ಲೇ ಕ್ಯಾಮೆರಾ ಊರಿ ಕುಳಿತರೆ ಬಹುಮಟ್ಟಿಗೆ ಅವು ನಮ್ಮನ್ನು ಸಹಿಸುತ್ತವೆ. ಇಂದಿನ ಡಿಜಿಟಲ್ ಕ್ಯಾಮೆರಾಗಳು 3200ರ ವೇಗದಲ್ಲೂ ಚೊಕ್ಕ ಚಿತ್ರ ಕೊಡುವುದರಿಂದ, ಗೂಡಿನ ಬಳಿಗೆ ಹೋಗಲು ಹಿಂದಿನವರಿಗಿದ್ದ ಕಾರಣ ನಮಗಿಲ್ಲ.

ಇಂದಿನ ಪ್ರದರ್ಶನದಲ್ಲಿ ನನ್ನವು ಎರಡು ಚಿತ್ರಗಳಿವೆ. ಮೊದಲನೆಯದು ಆ ಗೂಡಿನದು. ಕೆಳಗೆ ನಡೆದದ್ದನ್ನೆಲ್ಲ ಬರೆದಿದ್ದೇನೆ. ಎರಡನೆಯದನ್ನು ಮರುವರ್ಷ, ಪಕ್ಕದ ಮನೆಯವರ ಬೇಲಿಯಲ್ಲಿ ಕಾರ್ಡಿನಲ್ ಗೂಡು ಕಟ್ಟಿದಾಗ, ನಮ್ಮ ಅಡುಗೆಮನೆಯ ಗಾಜಿನ ಈಚೆಯಿಂದ ತೆಗೆದೆ. ಅದರಲ್ಲಿ ಎಲೆಗಳ ನಡುವೆ ಒಂದಿಷ್ಟು ಕೆಂಪು ಬಾಲ ಕಾಣುತ್ತದೆ, ಅಷ್ಟೇ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅದೂ ಕಾಣಲಿಕ್ಕಿಲ್ಲ.