ಎಂಡೋಸ್ಕೊಪಿ ಪರೀಕ್ಷೆಗೆ ಮುನ್ನ ಆಹಾರ ಕ್ರಮ

ಬಹುದಿನಗಳ ಹೊಟ್ಟೆನೋವು, ರಕ್ತವಾಂತಿ ಅಥವಾ ಮಲದಲ್ಲಿ ರಕ್ತ ಕಂಡುಬಂದಾಗ ವೈದ್ಯರು ಎಂಡೋಸ್ಕೊಪಿ ಪರೀಕ್ಷೆಯನ್ನು ಸೂಚಿಸುವುದುಂಟು. ತುದಿಯಲ್ಲಿ ದೀಪವೂ ಕ್ಯಾಮೆರಾವೂ ಉಳ್ಳ ಬಳುಕುವ ನಳಿಕೆಯನ್ನು ಬಾಯಿಯ ಮೂಲಕ ಜಠರಕ್ಕೆ, ಇಲ್ಲವೆ ಗುದದ್ವಾರದ ಮೂಲಕ ದೊಡ್ಡ ಕರುಳಿಗೆ ಸೇರಿಸಿ ಒಳಭಾಗವನ್ನು ಕಣ್ಣಾರೆ ನೋಡುವುದೇ ಈ ಪರೀಕ್ಷೆ. ಒಳಗೆ ಆಹಾರವಿದ್ದರೆ ಏನೂ ಕಾಣದು.

ಮಳವಳ್ಳಿ ಕಡೆಯಿಂದ ಮಂಡ್ಯಕ್ಕೆ ಬಂದ ರೈತರೊಬ್ಬರಿಗೆ, ಬರಿಹೊಟ್ಟೆಯಲ್ಲಿ ಪ್ರಯಾಣ ಬೇಡವೆಂಬ ಮರುಕದಿಂದ, ಪತ್ನಿ ಬೆಳಗಿನ ಜಾವ ಅರ್ಧ ಮುದ್ದೆ ಉಣಿಸಿದ್ದರು. ಪರೀಕ್ಷೆ ನಡೆಯಲಿಲ್ಲ. ಬಸ್ಸಿನ ಹಣವೂ ಒಂದು ದಿನದ ಕೆಲಸವೂ ವ್ಯರ್ಥವಾದುವು. ಗಂಟಲನ್ನು ಮರಗಟ್ಟಿಸಿದಾಗ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿದರೆ ಪ್ರಾಣಾಪಾಯವೂ ಉಂಟು. ಆದುದರಿಂದ ಜಠರದ ಪರೀಕ್ಷೆಗೆ 6ರಿಂದ 8 ಗಂಟೆ ಮೊದಲಿನಿಂದ ಏನನ್ನೂ ತಿನ್ನಕೂಡದು. ಹಾಲು ಬೆರೆಸಿದ ಕಾಫಿಯೂ ಆಹಾರವೇ. ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಆಸ್ಪತ್ರೆಯವರು ಬೇರೆ ರೀತಿ ತಿಳಿಸಿದ್ದರೆ ಅದನ್ನೇ ಪಾಲಿಸತಕ್ಕದ್ದು. ರೈಲಿನಲ್ಲಿ ಬರುವವರಿಗೆ ಮದ್ದೂರು ವಡೆಯ ಪರಿಮಳ ಒಂದು ಕಠಿಣ ಪರೀಕ್ಷೆಯೇ ಸರಿ!

ದೊಡ್ಡ ಕರುಳಿನ ಪರೀಕ್ಷೆಗೆ ಸಿದ್ಧತೆ ಹೆಚ್ಚು ಬೇಕು. ರಾಗಿಮುದ್ದೆ, ಸೊಪ್ಪಿನ ಸಾರು, ಅವರೆಕಾಳು ನಮ್ಮ ಸೀಮೆಯ ಉತ್ತಮ ಆಹಾರ; ಉಳಿದ ದಿನಗಳಲ್ಲಿ ಬಿಡಬೇಡಿ. ಆದರೆ ರಾಗಿಯ ತೌಡು, ಕಾಳಿನ ಸಿಪ್ಪೆ, ಸೊಪ್ಪಿನ ನಾರು, ಸೀಬೆ ಮತ್ತು ಟೊಮೆಟೊ ಬೀಜಗಳು ಜೀರ್ಣವಾಗದೆ ಕರುಳಿನಲ್ಲಿ ಉಳಿಯುತ್ತವೆ. ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು ಅವುಗಳ ಮರೆಯಲ್ಲಿ ಅಡಗಬಹುದು. ಆದುದರಿಂದ ಮೂರು ದಿನ ಮೊದಲಿನಿಂದ ಬಿಳಿ ಅನ್ನ, ಇಡ್ಲಿ, ಮೊಸರು, ಮೊಟ್ಟೆ ಇವುಗಳನ್ನು ಸೇವಿಸಿರಿ. ಮನೆಮಂದಿಗೆಲ್ಲ ಮುದ್ದೆ ಮಾಡಿ ತನಗೊಬ್ಬಳಿಗೆ ಅನ್ನ ಬೇಯಿಸಿಕೊಳ್ಳಲು ಗೃಹಿಣಿ ಸಂಕೋಚಪಡುತ್ತಾಳೆ. ಆ ಮೂರು ದಿನ ಪತಿಯೂ ಅನ್ನವನ್ನೇ ಉಂಡರೆ ಆ ತೊಡಕು ಇರುವುದಿಲ್ಲ.

ಹಿಂದಿನ ದಿನ ಗಂಜಿಯಿಲ್ಲದ ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾ ಮಾತ್ರ. ಕಬ್ಬಿನ ಹಾಲು ತಿಳಿಯಾದುದಲ್ಲ, ಬೇಡ. ಭೇದಿಯ ಪುಡಿಯನ್ನು ಹೇಳಿದಷ್ಟು ನೀರಿನಲ್ಲಿ ಕರಗಿಸಿ ಪೂರ್ತಿ ಕುಡಿಯಬೇಕು. ರುಚಿ ಹಿಡಿಸದೆ ಅರ್ಧ ಚೆಲ್ಲುವವರುಂಟು. ಮಲವು ತಿಳಿಹಳದಿ ನೀರಿನಂತೆ ಹೋಗುವವರೆಗೂ ಕರುಳು ಶುದ್ಧವಾಗಿಲ್ಲವೆಂದೇ ತಿಳಿಯಿರಿ.

ಕಬ್ಬಿಣಾಂಶದ ಮಾತ್ರೆ ಮಲವನ್ನು ಕಪ್ಪಾಗಿಸುವುದರಿಂದ ಅದನ್ನು ಒಂದು ವಾರ ಮೊದಲೇ ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿರಿ. ಗರ್ಭಿಣಿಯಾಗಿದ್ದರೆ ಅಥವಾ ಮುಟ್ಟು ತಪ್ಪಿದ್ದರೆ ಮುಚ್ಚಿಡದೆ ತಿಳಿಸಿರಿ. ಸಕ್ಕರೆ ಕಾಯಿಲೆಯ ಔಷಧಿ, ರಕ್ತ ತಿಳಿಗೊಳಿಸುವ ಮಾತ್ರೆ, ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದವರು ಎಳನೀರನ್ನೂ ಪುಡಿಯನ್ನೂ ಕುರಿತು ಮೊದಲೇ ವಿಚಾರಿಸತಕ್ಕದ್ದು. ಯಾವ ಔಷಧಿಯನ್ನೂ ತಾವಾಗಿ ನಿಲ್ಲಿಸಕೂಡದು.

ಮಂಪರಿನ ಚುಚ್ಚುಮದ್ದು ಕೊಟ್ಟಿದ್ದರೆ ಆ ದಿನ ಮೋಟಾರ್ ಸೈಕಲ್ ಓಡಿಸಬಾರದು. ಆದುದರಿಂದ ದಂಪತಿಗಳಿಬ್ಬರೂ ಜೊತೆಯಾಗಿ ಬನ್ನಿರಿ. ಗಂಟಲಿನ ಮರಗಟ್ಟು ಬಿಟ್ಟ ಮೇಲೆ ಮೊದಲು ಒಂದು ಗುಟುಕು ನೀರು ಕುಡಿದು ನೋಡಿ, ಅನಂತರ ಊಟ ಮಾಡಬಹುದು.